ನಕ್ಷತ್ರದ ಸ್ಥಳಪುರಾಣ

ನಮ್ಮ ಕಡೆ ಯಾವ ಕ್ಷೇತ್ರಕ್ಕೆ ಹೋದರೂ ಗುಡಿಯ ಹೊರಗಿನ ಅಂಗಡಿಯಲ್ಲಿ ಒಂದು ತೆಳ್ಳನೆಯ ಪುಸ್ತಕ ಸಿಗುತ್ತದೆ. ದೇವರು ಆ ಊರಿಗೆ ಹೇಗೆ ಬಂದ, ಆ ಹೆಸರು ಯಾಕೆ ಬಂತು, ಯಾವ ಭಕ್ತನಿಗೆ ಏನು ಒಲಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯ ಪುಟದಲ್ಲಿ ಫಲಶ್ರುತಿ: ಇದನ್ನು ಓದಿದವರಿಗೆ, ಕೇಳಿದವರಿಗೆ ಸಿಗುವ ಪುಣ್ಯದ ಪಟ್ಟಿ. ದುಬಾರಿ ಕಾರಿನ ಕಂಪನಿಗಳು ತಮ್ಮ ಚರಿತ್ರೆ ಹೇಳುವ ರೀತಿಯೂ ಹೆಚ್ಚು ಕಡಿಮೆ ಇದೇ ಎಂದು ನನಗೆ ಅನ್ನಿಸುತ್ತದೆ. ಅದರಲ್ಲೂ ನಾವು ಕನ್ನಡದಲ್ಲಿ ‘ಬೆಂಜ್ ಕಾರು’ ಎಂದು ಕರೆಯುವ ಮರ್ಸಿಡಿಸ್-ಬೆಂಜ್‌ನಷ್ಟು ಸೊಗಸಾದ ಸ್ಥಳಪುರಾಣ ಬೇರೆ ಯಾವ ಕಾರಿಗೂ ಇದ್ದಂತಿಲ್ಲ. ಪುರಾಣವನ್ನು ಭಕ್ತಿಯಿಂದ ಓದುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಏನನ್ನು ಹೇಳಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ನೋಡುವುದು ವಿಮರ್ಶೆಯ ಕೆಲಸ.

ಈ ಪುರಾಣದ ಉತ್ಪತ್ತಿ ಅಧ್ಯಾಯ ನಿಜಕ್ಕೂ ರೋಚಕ. 1886ರ ಜನವರಿ 29ರಂದು ಜರ್ಮನಿಯ ಮಾನ್‌ಹೈಮ್‌ನ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಗಾಡಿ ಇತ್ತು, ಕೊಳ್ಳುವವರು ಇರಲಿಲ್ಲ. ಎರಡು ವರ್ಷದ ಮೇಲೆ, 1888ರ ಆಗಸ್ಟಿನಲ್ಲಿ, ಅವನ ಹೆಂಡತಿ ಬರ್ತಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು ನೂರು ಕಿಲೋಮೀಟರ್ ದಾರಿ. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರಾವಣ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ತವರಿಗೆ ಹೊರಟ ಒಬ್ಬ ಹೆಂಗಸು ಮೊದಲ ದೂರ ಪ್ರಯಾಣಿಕಳೂ ಆದಳು, ದಾರಿಬದಿಯ ಮೊದಲ ಮೆಕ್ಯಾನಿಕ್ಕೂ ಆದಳು.

ಕಂಪನಿ ಈಗ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತದೆ, ಹೇಳಲಿ. ಆದರೆ ಹೇಳುವ ಧಾಟಿ ಗಮನಿಸಬೇಕು. ಬರ್ತಾ ಬರುವುದು ಗಂಡನಿಗೆ ಧೈರ್ಯ ತುಂಬಿದ ಸಾಧ್ವಿಯಾಗಿ. ಮದುವೆಗೆ ಮೊದಲೇ ತನ್ನ ಪಾಲಿನ ಹಣ ತರಿಸಿ ಅವನ ಕಾರ್ಖಾನೆಯನ್ನು ಉಳಿಸಿದವಳು ಅವಳು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಬಂಡವಾಳ ಹಾಕಿದವಳೂ ಅವಳೇ, ಗಾಡಿಯನ್ನು ಪರೀಕ್ಷೆ ಮಾಡಿದವಳೂ ಅವಳೇ. ಪೇಟೆಂಟ್ ಪತ್ರದಲ್ಲಿ ಮಾತ್ರ ಅವಳ ಹೆಸರಿಲ್ಲ. ನಮ್ಮ ಸ್ಥಳಪುರಾಣಗಳಲ್ಲಿ ಕೆರೆಗೆ ಹಾರವಾದ ಸೊಸೆಯರಿಗೆ ಕೆರೆಯ ಏರಿಯ ಮೇಲೊಂದು ಪುಟ್ಟ ಗುಡಿ ಸಿಗುತ್ತದೆಯಲ್ಲ, ಇದೂ ಅಂಥದೇ.

ನಾಮಕರಣದ ಅಧ್ಯಾಯ ಇನ್ನೂ ವಿಚಿತ್ರ. ಕಾನ್‌ಸ್ಟಾಟ್‌ನ ಗಾಟ್ಲೀಬ್ ಡೈಮ್ಲರ್ ಬೇರೆಯದೇ ಕಂಪನಿಯವನು. ಅವನ ಕಾರುಗಳನ್ನು ಫ್ರಾನ್ಸಿನ ನೀಸ್ ಪಟ್ಟಣದ ಶ್ರೀಮಂತರಿಗೆ ಮಾರುತ್ತಿದ್ದ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ 1900ರಲ್ಲಿ ಒಂದೇ ಸಲಕ್ಕೆ 36 ಕಾರುಗಳಿಗೆ ಬೇಡಿಕೆ ಇಟ್ಟ. ಹೊಸ ಕಾರಿಗೆ ಮಗಳು ಮರ್ಸಿಡಿಸ್‌ಳ ಹೆಸರಿಡಬೇಕು ಎಂದ. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ಕೃಪೆ ಎಂಬ ಅರ್ಥ ಇದೆ. ವಿಲ್ಹೆಲ್ಮ್ ಮೈಬಾಖ್ ರೂಪಿಸಿದ 35 ಅಶ್ವಶಕ್ತಿಯ ಆ ಕಾರು ಕುದುರೆ ಗಾಡಿಯ ಆಕಾರವನ್ನು ಬಿಟ್ಟುಕೊಟ್ಟ ಮೊದಲ ಆಧುನಿಕ ಕಾರು ಎನ್ನಿಸಿಕೊಂಡಿತು. ಮೂರು ಮೊನೆಯ ನಕ್ಷತ್ರ 1909ರಲ್ಲಿ ನೋಂದಣಿಯಾಯಿತು. ನೆಲ, ಜಲ, ಆಕಾಶ ಮೂರರಲ್ಲೂ ತಮ್ಮ ಎಂಜಿನ್ ಓಡಬೇಕು ಎಂಬ ಆಸೆ ಅದರಲ್ಲಿದೆಯಂತೆ. ಮೊದಲ ಮಹಾಯುದ್ಧದ ನಂತರದ ಬಡತನದಲ್ಲಿ ಬದುಕಿಕೊಳ್ಳಲು ಡೈಮ್ಲರ್, ಬೆಂಜ್ ಕಂಪನಿಗಳೆರಡೂ 1926ರಲ್ಲಿ ಒಂದಾದವು. ಆ ಹುಡುಗಿ ಏನಾದಳು? ಮರ್ಸಿಡಿಸ್ ಯೆಲ್ಲಿನೆಕ್ 1929ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಳು. ಆಗ ಅವಳಿಗೆ 39 ವರ್ಷ. ಕೃಪೆ ಎಂಬ ಹೆಸರಿನವಳು ತನ್ನ ಹೆಸರಿನ ಕಾರು ಲೋಕವನ್ನೆಲ್ಲ ಸುತ್ತುವುದನ್ನು ನೋಡಲು ಉಳಿಯಲಿಲ್ಲ. ಪುರಾಣ ಅವಳನ್ನು ಹನ್ನೊಂದು ವರ್ಷದ ಹುಡುಗಿಯಾಗಿಯೇ ಇಟ್ಟುಕೊಂಡಿದೆ.

ಇನ್ನು ಬೇಗ ಬೇಗ ಓದಿ ಮುಗಿಸುವ ಅಧ್ಯಾಯ. ಹಿಟ್ಲರ್ ಮೆರವಣಿಗೆಗಳಲ್ಲಿ ನಿಂತು ಕೈಯೆತ್ತುತ್ತಿದ್ದುದು ಈ ಕಂಪನಿಯ 770 ಎಂಬ ಭಾರಿ ಕಾರಿನಲ್ಲಿ. 1944ರ ಹೊತ್ತಿಗೆ ಡೈಮ್ಲರ್-ಬೆಂಜ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಬಲವಂತದ ದುಡಿಮೆಯವರು, ಯುದ್ಧ ಕೈದಿಗಳು. ಕಂಪನಿ ಇದನ್ನು ಮುಚ್ಚಿಟ್ಟಿಲ್ಲ, ತಾನೇ ಬರೆದುಕೊಂಡಿದೆ. ಆದರೆ ಶೋರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟು ಹೇಳುವ ಕಥೆಯಲ್ಲಿ ಈ ಪುಟ ಬರುವುದಿಲ್ಲ. ‘ಪರಂಪರೆ’ ಎಂದು ಮಾರುವಾಗ ಪೂರ್ತಿ ಪರಂಪರೆಯನ್ನು ಯಾರೂ ಮಾರುವುದಿಲ್ಲ, ಬೇಕಾದಷ್ಟನ್ನು ಕತ್ತರಿಸಿಕೊಡುತ್ತಾರೆ.

ಮಲೇಷ್ಯಾದಲ್ಲಿ ಕೂತು ಬರೆಯುವವನಿಗೆ ಇನ್ನೊಂದು ಬಿಟ್ಟ ಪುಟವೂ ಕಾಣುತ್ತದೆ. ನಾನಿರುವ ಪುಚೊಂಗ್ ಇವತ್ತು ಮಾಲು, ಕಾಂಡೊ, ಎಲ್‌ಆರ್‌ಟಿ ನಿಲ್ದಾಣಗಳ ಊರು. ಹಿಂದೆ ಇದು ರಬ್ಬರ್ ತೋಟ, ತವರದ ಗಣಿಗಳ ಜಾಗ. ಗಣಿಯ ಗುಂಡಿಗಳು ಈಗ ಕೆರೆಗಳಾಗಿ ನಿಂತಿವೆ, ನಾವು ಸಂಜೆ ಅವುಗಳ ಸುತ್ತ ವಾಕಿಂಗ್ ಮಾಡುತ್ತೇವೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯುರೋಪು, ಅಮೆರಿಕಗಳಲ್ಲಿ ಕಾರು ಹೆಚ್ಚಿದ ಹಾಗೆ ಮಲಯದಲ್ಲಿ ರಬ್ಬರ್ ತೋಟ ಹಬ್ಬಿತು. ಆ ತೋಟಗಳಲ್ಲಿ ಬೆಳಗಿನ ಜಾವ ಎದ್ದು ಮರ ಕೆತ್ತಿ ಹಾಲು ಬಸಿದವರು ಹೆಚ್ಚಾಗಿ ಹಡಗಿನಲ್ಲಿ ಬಂದ ತಮಿಳರು. ಕಾರಿನ ಚರಿತ್ರೆ ಜರ್ಮನಿಯ ಕಾರ್ಖಾನೆಯಲ್ಲಿ ಶುರುವಾಗುತ್ತದೆ ಎನ್ನುವುದು ಅರ್ಧ ಸತ್ಯ. ಅದರ ಚಕ್ರದ ಚರಿತ್ರೆ ಇಲ್ಲಿನ ಮರದ ಗಾಯದಲ್ಲಿದೆ. ಯಾವ ಐಷಾರಾಮಿ ಕಾರಿನ ಮ್ಯೂಸಿಯಮ್ಮಾದರೂ ಒಂದು ತೆಂಗಿನ ಚಿಪ್ಪನ್ನೂ ಮರ ಕೆತ್ತುವ ಚಾಕುವನ್ನೂ ಎದುರಿಗೆ ಇಟ್ಟರೆ ಆ ಪುರಾಣ ಪೂರ್ತಿಯಾದೀತು.

ಇಲ್ಲಿಗೆ ಬೆಂಜ್ ಬಂದ ದಾರಿಯೂ ಸ್ವಾರಸ್ಯದ್ದು. 1899ರಲ್ಲಿ ಕ್ವಾಲಾಲಂಪುರದಲ್ಲಿ ಚುವಾ ಸಹೋದರರು ಶುರು ಮಾಡಿದ ಸಣ್ಣ ಅಂಗಡಿ ಮುಂದೆ ಸೈಕಲ್ಲು, ಗಾಡಿ, ಮೋಟಾರುಗಳ ವ್ಯಾಪಾರಕ್ಕಿಳಿದು ‘ಸೈಕಲ್ ಅಂಡ್ ಕ್ಯಾರೇಜ್’ ಆಯಿತು. 1951ರಲ್ಲಿ ಮರ್ಸಿಡಿಸ್ ಮಾರುವ ಹಕ್ಕು ಪಡೆಯಿತು. ಅಲ್ಲಿಂದ ಇದು ಚೀನೀ ‘ತೌಕೆ’ಗಳ ಕಾರು. ತೌಕೆ ಎಂದರೆ ಅಂಗಡಿಯ ಧಣಿ, ನಮ್ಮ ಸಾಹುಕಾರ. ನಮ್ಮ ಬೀದಿಯಲ್ಲಿ ಕಬ್ಬಿಣದ ಸಾಮಾನು ಮಾರುವ ಒಬ್ಬ ಹಿರಿಯರಿದ್ದಾರೆ. ತೊಡುವುದು ಅರ್ಧ ಚಡ್ಡಿ, ಹವಾಯಿ ಚಪ್ಪಲಿ, ಇಳಿಯುವುದು ಇ-ಕ್ಲಾಸಿನಿಂದ. ಅವರಿಗೆ ಅದು ಅಲಂಕಾರಕ್ಕಿಂತ ಹೆಚ್ಚಾಗಿ ಪೇಟೆಯಲ್ಲಿ ಉದ್ದರಿ ಹುಟ್ಟಿಸುವ ಸಾಧನ. ಧಣಿ ಬೆಂಜ್‌ನಲ್ಲಿ ಓಡಾಡುತ್ತಾನೆ ಎಂದರೆ ಸರಕು ಕೊಡುವವನಿಗೆ ಧೈರ್ಯ. ಕಾರು ಇಲ್ಲಿ ನಡೆದಾಡುವ ಬ್ಯಾಂಕ್ ಪಾಸ್‌ಬುಕ್ಕು.

ಅದೇ ನಕ್ಷತ್ರಕ್ಕೆ ಕರ್ನಾಟಕದಲ್ಲಿ ಇದ್ದ ಅರ್ಥ ಬೇರೆ. ತಿಪಟೂರಿನ ನನ್ನ ಸೋದರಮಾವ ಕೊಬ್ಬರಿ ಮಂಡಿಯ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ ಡ್ರೈವರ್ ಆದವರು. ಇಲ್ಲಿಗೆ ಬಂದಿದ್ದಾಗ ಆ ಹಿರಿಯರ ಕಾರಿನ ಮೂತಿ ನೋಡಿ, “ಇದು ನಮ್ಮ ಬೆಂಜ್ ಲಾರೀದಲ್ವೇನೋ? ಇವ್ರು ಯಾಕೆ ಕಾರಿಗೆ ಅಂಟಿಸ್ಕೊಂಡವ್ರೆ?” ಎಂದು ಕೇಳಿದರು. “ಮಾವ, ಇದು ಕಾರಿಂದೇ ಗುರುತು” ಎಂದೆ. “ಹಂಗಾರೆ ಲಾರಿ ಚೆನ್ನಾಗ್ ಓಡ್ತು ಅಂತ ಕಾರೂ ಮಾಡವ್ರೆ” ಎಂದು ಅವರೇ ತೀರ್ಮಾನ ಕೊಟ್ಟರು.

ನಗುವ ಮಾತಲ್ಲ ಇದು. 1954ರಲ್ಲಿ ಟಾಟಾದವರ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಹೆಸರು ಮಾತ್ರ ಜನರ ಬಾಯಲ್ಲಿ ಬಹಳ ಕಾಲ ಉಳಿಯಿತು. ಶಿರಾಡಿ ಘಾಟಿಯಲ್ಲಿ ಲೋಡು ಹೊತ್ತು ಏದುಸಿರು ಬಿಡುತ್ತಾ ಹತ್ತಿದ ಬೆಂಜ್ ಲಾರಿ ಕೊಬ್ಬರಿಯನ್ನೂ ಅಡಿಕೆಯನ್ನೂ ಹೆಂಚನ್ನೂ ಸಾಗಿಸಿತು. ಒಂದಿಡೀ ತಲೆಮಾರಿಗೆ ‘ಬೆಂಜ್’ ಎಂದರೆ ಗಟ್ಟಿ, ದುಡಿಯುವುದು, ನಡುದಾರಿಯಲ್ಲಿ ಕೈ ಕೊಡದಿರುವುದು. ಜರ್ಮನಿಗೆ ಹೋಗಿ ಬಂದವರನ್ನು ಕೇಳಿ: ಅಲ್ಲಿ ಬೆಂಜ್ ಬಾಡಿಗೆ ಟ್ಯಾಕ್ಸಿಯೂ ಹೌದು, ಕಸದ ಲಾರಿಯೂ ಹೌದು. ಮಾವ ಹೇಳಿದ್ದು ಆ ಊರಿನವರಿಗೆ ಅರ್ಥವಾಗುತ್ತದೆ. ಐಷಾರಾಮ ಎನ್ನುವುದು ಲೋಹದಲ್ಲಿ ಇಲ್ಲ, ದೂರದಲ್ಲಿದೆ. ಹಡಗು ಹತ್ತಿ, ಸುಂಕ ಕಟ್ಟಿ ಬಂದಷ್ಟೂ ನಕ್ಷತ್ರದ ಹೊಳಪು ಹೆಚ್ಚು.

ಮಲೇಷ್ಯಾದಲ್ಲಿ ಈ ದೂರ ಬಲು ದುಬಾರಿ. 1983ರಲ್ಲಿ ಮಹಾತಿರ್ ಮೊಹಮದ್ ಸರ್ಕಾರ ಪ್ರೊಟಾನ್ ಸ್ಥಾಪಿಸಿ, 1985ರಲ್ಲಿ ಸಾಗಾ ಕಾರನ್ನು ರಸ್ತೆಗಿಳಿಸಿತು. ದೇಶದ ಕಾರನ್ನು ಕಾಯಲು ಉಳಿದವುಗಳ ಮೇಲೆ ತೆರಿಗೆ ಏರಿತು. ಅಬಕಾರಿ ಸುಂಕವೇ ಶೇಕಡಾ 60ರಿಂದ 105ರವರೆಗೆ. ಪಹಾಂಗ್‌ನ ಪೆಕಾನ್‌ನಲ್ಲಿ ಬೆಂಜ್ ಜೋಡಣೆಯಾಗುತ್ತಿದ್ದರೂ ಅದು ಸಂಬಳದವರ ಕೈಗೆ ಸುಲಭವಾಗಿ ಎಟಕುವುದಿಲ್ಲ. ಅದಕ್ಕೇ ಜಪಾನಿನಿಂದ ಬರುವ ‘ರೀಕಾನ್’ ಕಾರು, ಒಂಬತ್ತು ವರ್ಷದವರೆಗೆ ಎಳೆಯುವ ಸಾಲ. ನನಗೆ ಪರಿಚಯದ ಕನ್ನಡದವರೊಬ್ಬರು ಹೀಗೆ ಒಂದು ಸಿ-ಕ್ಲಾಸ್ ಕೊಂಡರು. ಅದೇ ವರ್ಷ ಊರಲ್ಲಿ ತಾಯಿಗೆ ಕಣ್ಣಿನ ಆಪರೇಷನ್. ಕಂತು, ವಿಮೆ, ರೋಡ್ ಟ್ಯಾಕ್ಸ್ ಒಂದೇ ತಿಂಗಳಲ್ಲಿ ಕೂಡಿ ಬಂದು, ಅವರು ಹೋಗಲಾಗಲಿಲ್ಲ. ಕಾರಿನ ಫೋಟೋ ಹೋಯಿತು. ಕಟ್ಟು ಬಿಚ್ಚಿದ ಮೇಲೆ ತಾಯಿ ಆ ಫೋಟೋವನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಇನ್ನೇನೋ ಒಂದೂ ಇತ್ತು.

ಅವರನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ಪರದೇಶಕ್ಕೆ ಬಂದವನ ಬದುಕಿನ ಏಳುಬೀಳು ಊರಿನವರ ಕಣ್ಣಿಗೆ ಬೀಳುವುದಿಲ್ಲ. ಇವನ ಕೆಲಸ ಏನೆಂದು ತಾಯಿಗೆ ಹೇಳಿದರೂ ತಿಳಿಯುವುದಿಲ್ಲ, ಪದವಿಯ ಹೆಸರು ನೆರೆಯವರಿಗೆ ಅರ್ಥವಾಗುವುದಿಲ್ಲ. ಮೂರು ಮೊನೆಯ ನಕ್ಷತ್ರ ಮಾತ್ರ ತಿಪಟೂರಿನಲ್ಲೂ ಪುಚೊಂಗ್‌ನಲ್ಲೂ ಒಂದೇ ಭಾಷೆ ಮಾತಾಡುತ್ತದೆ: ‘ಹೋದವನು ಗೆದ್ದ.’ ಬೆಂಜ್‌ನ ಆಕರ್ಷಣೆಯ ಗುಟ್ಟು ಇದು, ಅದರ ಫಲಶ್ರುತಿಯೂ ಇದೇ. ಡೈಮ್ಲರ್‌ನ ಮಾತೆಂದು ಕಂಪನಿ ಹೇಳಿಕೊಳ್ಳುವ ಘೋಷವಾಕ್ಯ ‘ಅತ್ಯುತ್ತಮವಾದದ್ದು, ಇಲ್ಲವೇ ಏನೂ ಬೇಡ’ ಎನ್ನುತ್ತದೆ. ಕಾರು ಮಾಡುವವನ ಬಾಯಲ್ಲಿ ಅದು ಒಳ್ಳೆಯ ಮಾತು, ಕೆಲಸದ ಶಿಸ್ತು. ಕೊಳ್ಳುವವನ ತಲೆಗೆ ಹೊಕ್ಕರೆ ಅದು ರೋಗ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಊರಿನವರು ನಾವು. ಇಲ್ಲಿ ನಾವು ಮೊದಲು ಕಾಲು ಚಾಚಿ, ಆಮೇಲೆ ಒಂಬತ್ತು ವರ್ಷ ಹಾಸಿಗೆ ಹೊಲಿಯುತ್ತೇವೆ.

ಹಾಗಾದರೆ ಈ ಕಾರಿನಲ್ಲಿ ಮೆಚ್ಚುವುದು ಏನೂ ಇಲ್ಲವೆ? ಇದೆ. ಅಪಘಾತದಲ್ಲಿ ಕಾರಿನ ಮುಂಭಾಗ ತಾನು ನುಜ್ಜುಗುಜ್ಜಾಗಿ ಒಳಗಿನವರನ್ನು ಉಳಿಸಬೇಕು ಎಂಬ ಬೇಲಾ ಬರೇನ್ಯಿಯ ಕಲ್ಪನೆ 1959ರಲ್ಲಿ ಬೆಂಜ್ ಕಾರಿಗೆ ಬಂತು. ಬ್ರೇಕು ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ 1978ರಲ್ಲಿ ಎಸ್-ಕ್ಲಾಸಿನಲ್ಲಿ ಮಾರಾಟಕ್ಕೆ ಬಂತು. ಏರ್‌ಬ್ಯಾಗನ್ನು ಅದೇ ಕಾರಿನಲ್ಲಿ 1980ರ ದಶಕದ ಮೊದಲಲ್ಲಿ ಕೊಟ್ಟರು. ಶ್ರೀಮಂತರು ದುಬಾರಿ ಬೆಲೆ ತೆತ್ತು ಈ ಪ್ರಯೋಗಗಳನ್ನು ಸಾಕಿದರು. ಇವತ್ತು ಇದೆಲ್ಲ ಮಲೇಷ್ಯಾದ ಮನೆಮನೆಯ ಕಾರು ಪೆರೊಡುವಾ ಮೈವಿಯಲ್ಲಿದೆ. ಎಲ್‌ಡಿಪಿ ರಸ್ತೆಯಲ್ಲಿ ಸಂಜೆ ಜಾಮ್ ಆದಾಗ ಬೆಂಜ್ ಮೈವಿ ಎರಡೂ ಆಮೆಯ ನಡೆಯಲ್ಲೇ ಹೋಗುತ್ತವೆ. ಮಳೆಯಲ್ಲಿ ಗಕ್ಕನೆ ಬ್ರೇಕು ಹಾಕಿದಾಗ ಎರಡೂ ತಮ್ಮೊಳಗಿನ ಜೀವವನ್ನು ಕಾಯಲು ನೋಡುತ್ತವೆ. ಬೆಂಜ್‌ನ ನಿಜವಾದ ಹಿರಿಮೆ ಅದು ಬೆಂಜ್ ಅಲ್ಲದ ಕಾರುಗಳಲ್ಲಿದೆ ಎಂದು ನನ್ನ ಎಣಿಕೆ. ಕೆಳಗಿಳಿದು ಬಂದದ್ದು ಜ್ಞಾನ, ಮೇಲೆ ಉಳಿದದ್ದು ನಕ್ಷತ್ರ.

ಆ ಜ್ಞಾನದಲ್ಲಿ ಈಗ ನಮ್ಮವರ ಪಾಲೂ ಇದೆ. 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರದಲ್ಲಿ ಇವತ್ತು ಸಾವಿರಾರು ಎಂಜಿನಿಯರುಗಳಿದ್ದಾರೆ. ಜರ್ಮನಿಯ ಹೊರಗೆ ಆ ಕಂಪನಿಗೆ ಅಷ್ಟು ದೊಡ್ಡ ಕೇಂದ್ರ ಇನ್ನೊಂದಿಲ್ಲ. ಹಾಸನದ, ಹಾವೇರಿಯ ಹುಡುಗ ಹುಡುಗಿಯರು ಅಲ್ಲಿ ಕೂತು ಬರೆದ ಸಾಫ್ಟ್‌ವೇರ್ ಪುಚೊಂಗ್‌ನ ತೌಕೆಯ ಕಾರಿನಲ್ಲೂ ಇದ್ದೀತು. ಪುರಾಣದಲ್ಲಿ ಮಾತ್ರ ಅವರಿಗಿನ್ನೂ ಒಂದು ಶ್ಲೋಕವೂ ಸಿಕ್ಕಿಲ್ಲ. ಬರ್ತಾಳ ಹೆಸರು ಪೇಟೆಂಟಿನಲ್ಲಿ ಇಲ್ಲದ ಹಾಗೆ, ರಬ್ಬರ್ ಬಸಿದವರ ಹೆಸರು ಮ್ಯೂಸಿಯಮ್ಮಿನಲ್ಲಿ ಇಲ್ಲದ ಹಾಗೆ.

ಕಂಪನಿಗಳು ತಮ್ಮ ಪುರಾಣವನ್ನು ತಾವು ಬರೆದುಕೊಳ್ಳಲಿ, ಅದು ಅವರ ವ್ಯಾಪಾರ. ನಮ್ಮ ಪುರಾಣವನ್ನೂ ಅವರೇ ಬರೆದುಕೊಡಲಿ ಎಂದು ಕಾಯುವುದು ಬೇಡ. ಊರಿಗೆ ಫೋನು ಮಾಡಿದಾಗ ‘ಹೋದವನು ಗೆದ್ದನೇ?’ ಎಂಬ ಪ್ರಶ್ನೆಗೆ ಕೊಡಲು ಫೋಟೋಕ್ಕಿಂತ ಬೇರೆ ಉತ್ತರಗಳು ಬೇಕು: ನಾನು ಮಾಡುವ ಕೆಲಸ ಇದು, ಇದರಿಂದ ಇಂಥವರಿಗೆ ಇಂಥ ಉಪಕಾರ ಆಯಿತು, ಈ ಯುಗಾದಿಗೆ ಬರುತ್ತೇನೆ. ಇವನ್ನು ಹೇಳಲು ಕಾರು ಬೇಕಾಗಿಲ್ಲ. ಬೆಂಜ್ ಬೇಕೆನ್ನಿಸಿದವರು ಕೈಯಲ್ಲಿ ಹಣವಿದ್ದರೆ ಕೊಳ್ಳಲಿ, ಒಳ್ಳೆಯ ಕಾರು ಅದು. ಕೊಂಡವರು ಮೂತಿಯ ಮೇಲಿನ ಗುರುತನ್ನು ನೋಡುವಾಗ ಶಿರಾಡಿ ಹತ್ತಿದ ಲಾರಿಯನ್ನೂ ಒಮ್ಮೆ ನೆನೆದರೆ, ಆ ನಕ್ಷತ್ರಕ್ಕೆ ನಮ್ಮ ಕಡೆಯಿಂದ ಸಲ್ಲಬೇಕಾದ ಅರ್ಥ ಸಂದ ಹಾಗೆ.