ಘಾತುಕನ ಹೆಸರುಗಳು

ಶಬ್ದವು ವಸ್ತುವನ್ನು ತೋರಿಸಿ ಸುಮ್ಮನಾಗುವುದಿಲ್ಲ. ಅದರ ಮೇಲೆ ತನ್ನ ತೀರ್ಪನ್ನೂ ಹೇಳುವುದು. ಕೊಲೆಯನ್ನೂ ಕ್ರೌರ್ಯವನ್ನೂ ಕುರಿತ ಶಬ್ದಗಳಲ್ಲಿ ಈ ಮಾತು ಬಹು ಸ್ಪಷ್ಟವಾಗಿ ಕಂಡುಬರುವುದು. ಇಂಗ್ಲಿಷಿನಲ್ಲಿ ಇಂತಹವು ಹೇರಳವಾಗಿವೆ: 'ಕಿಲ್ಲರ್', 'ಮರ್ಡರರ್', 'ಅಸ್ಯಾಸಿನ್', 'ಥಗ್', 'ಬುಚರ್'. ಕನ್ನಡದ ಪತ್ರಿಕೆಗಳಲ್ಲಿಯೂ ಭಾಷಾಂತರಗಳಲ್ಲಿಯೂ ಇವುಗಳ ಪೈಕಿ ಹಲವಕ್ಕೆ 'ಹಂತಕ' ಎಂಬ ಒಂದೇ ಮಾತನ್ನು ಹಾಕಿ ಕೈತೊಳೆದುಕೊಳ್ಳುವುದುಂಟು. ಹಾಗೆ ಮಾಡಿದಲ್ಲಿ ಕಳೆದುಹೋಗುವುದೇನೆಂಬುದು ವಿಚಾರಾರ್ಹವಾದ ವಿಷಯ.

ಇವುಗಳಲ್ಲಿ 'ಕಿಲ್ಲರ್' ಎಂಬುದು ಅತಿ ಸಾಮಾನ್ಯವಾದದ್ದು. ಮನುಷ್ಯನಂತೆಯೇ ರೋಗವೂ ವಿಷವೂ ಕಾಡುಮೃಗವೂ 'ಕಿಲ್ಲರ್' ಆಗಬಹುದು. ಪ್ರಾಣ ಹೋಯಿತೆಂಬುದಷ್ಟೇ ಅದರ ಅರ್ಥ. 'ಮರ್ಡರರ್' ಹಾಗಲ್ಲ. ಅದರ ಮೂಲವು ನಮ್ಮ 'ಮೃ' ಧಾತುವಿಗೆ ದಾಯಾದಿಯಾದದ್ದು. ಮೃತ, ಮೃತ್ಯು ಎಂಬವು ಅದರ ಬಂಧುಗಳು. ಆದರೆ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಅಪರಾಧದ ಮುದ್ರೆ ಬಿದ್ದಿದೆ. ಕೊಂದವರೆಲ್ಲರೂ 'ಮರ್ಡರರ್' ಅಲ್ಲ. 1860ರ ಭಾರತ ದಂಡಸಂಹಿತೆಯು ಅಪರಾಧವೆನಿಸುವ ನರಹತ್ಯೆಯನ್ನು 299ನೆಯ ಕಲಮಿನಲ್ಲಿಯೂ ಕೊಲೆಯನ್ನು 300ನೆಯ ಕಲಮಿನಲ್ಲಿಯೂ ಬೇರೆಬೇರೆಯಾಗಿ ನಿರೂಪಿಸಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 100 ಮತ್ತು 101ನೆಯ ಕಲಮುಗಳಲ್ಲಿ ಆ ಭೇದವನ್ನು ಉಳಿಸಿಕೊಂಡಿದೆ. ನ್ಯಾಯಾಧೀಶನು ಇಷ್ಟು ಎಚ್ಚರದಿಂದ ತೂಗುವ ಶಬ್ದವನ್ನು ವರದಿಗಾರನು ವಿಚಾರಣೆಗೆ ಮೊದಲೇ ಬಳಸಿದರೆ, ಆರೋಪಿಗೆ ಅರ್ಧ ಶಿಕ್ಷೆಯನ್ನು ಬರವಣಿಗೆಯೇ ವಿಧಿಸಿದಂತಾಗುವುದು.

'ಅಸ್ಯಾಸಿನ್' ಶಬ್ದದ ಚರಿತ್ರೆ ವಿಲಕ್ಷಣವಾದದ್ದು. 1090ರಲ್ಲಿ ಹಸನ್ ಸಬ್ಬಾಹನು ಪಾರಸೀಕ ದೇಶದ ಅಲಮೂತ್ ದುರ್ಗವನ್ನು ಹಿಡಿದು, ಮುಂದೆ ನಿಜಾರಿ ಎಂದು ಹೆಸರಾದ ಇಸ್ಮಾಯಿಲೀ ಪಂಥಕ್ಕೆ ಅದನ್ನು ನೆಲೆಯನ್ನಾಗಿ ಮಾಡಿದನು. ದೊಡ್ಡ ಸೈನ್ಯವಿಲ್ಲದ ಆ ಪಂಥದವರು ಶತ್ರುಪಕ್ಷದ ಪ್ರಮುಖರನ್ನು ಆರಿಸಿ ಕಠಾರಿಯಿಂದ ಇರಿದು ಕೊಲ್ಲುವ ದಾರಿಯನ್ನು ಹಿಡಿದರು. 1256ರಲ್ಲಿ ಮಂಗೋಲರು ಅಲಮೂತನ್ನು ವಶಪಡಿಸಿಕೊಂಡು ಹಾಳುಗೆಡವಿದರು. ಭಂಗಿ ಸೇವಿಸುವವರೆಂಬ ಅರ್ಥವನ್ನು ಸೂಚಿಸುವ 'ಹಶೀಶೀ' ಎಂಬ ಅರಬ್ಬೀ ಮಾತು ಆ ಪಂಥದ ವಿರೋಧಿಗಳು ಇಟ್ಟ ನಿಂದಾನಾಮವೇ ಹೊರತು ಅವರಾಗಿ ಇಟ್ಟುಕೊಂಡ ಹೆಸರಲ್ಲ. ಶಿಲುಬೆಯ ಯುದ್ಧಗಳಿಗೆ ಬಂದ ಐರೋಪ್ಯರು ಅದನ್ನೇ ತಮ್ಮ ದೇಶಗಳಿಗೆ ಒಯ್ದರು. ಈಗ ಇಂಗ್ಲಿಷಿನಲ್ಲಿ ಆ ಮಾತಿಗೆ ವಿಶಿಷ್ಟಾರ್ಥವಿದೆ: ಮತಾಭಿಮಾನದಿಂದಲೋ ರಾಜಕಾರಣದಿಂದಲೋ ಕೂಲಿಯ ಆಸೆಯಿಂದಲೋ, ಸಾಮಾನ್ಯವಾಗಿ ಪ್ರಸಿದ್ಧನಾದವನೊಬ್ಬನನ್ನು, ಹೊಂಚಿ ಕೊಲ್ಲುವವನು. ಜಗಳದ ಆವೇಶದಲ್ಲಿ ನೆರೆಯವನನ್ನು ಕೊಂದವನಿಗೆ ಈ ಹೆಸರು ಸಲ್ಲದು.

'ಥಗ್' ನಮ್ಮ ದೇಶದಿಂದಲೇ ಹೋದದ್ದು. ಹಿಂದಿಯ 'ಠಗ್' ಎಂದರೆ ಮೋಸಗಾರ. ಕನ್ನಡದ 'ಠಕ್ಕ'ನೂ ಅದೇ ಮನೆತನದವನು. ದಾರಿಹೋಕರೊಡನೆ ಸ್ನೇಹವನ್ನು ನಟಿಸಿ ಕೊರಳಿಗೆ ಬಟ್ಟೆ ಬಿಗಿದು ಕೊಲ್ಲುವ ಗುಂಪುಗಳಿಗೆ ಕಂಪೆನಿಯ ಸರಕಾರದ ಅಧಿಕಾರಿಗಳು ಈ ಹೆಸರನ್ನು ರೂಢಿಗೊಳಿಸಿದರು. ಇಂತಹ ಗುಂಪಿಗೆ ಸೇರಿದವನೆಂದು ಸಿದ್ಧವಾದರೆ ಅಷ್ಟಕ್ಕೇ ಯಾವಜ್ಜೀವ ಸೆರೆಯೆಂದು 1836ರ ಕಾಯಿದೆ ವಿಧಿಸಿತು. ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಯು ಆ ಮಾತನ್ನು ಇಂಗ್ಲಿಷರ ಮನೆಮನೆಗೂ ಮುಟ್ಟಿಸಿತು. ಅಧಿಕಾರಿಗಳು ವರ್ಣಿಸಿದಷ್ಟು ವ್ಯಾಪಕವಾದ ಕೊಲೆಗಾರರ ಪಂಥವೊಂದು ನಿಜವಾಗಿ ಇದ್ದಿತೆ ಎಂದು ಈಚಿನ ಚರಿತ್ರಕಾರರಲ್ಲಿ ಅನೇಕರು ಸಂದೇಹಪಡುವರು. ಆದರೆ ಶಬ್ದಕ್ಕೆ ಆ ಸಂದೇಹ ತಟ್ಟಲಿಲ್ಲ. ಇಂದಿನ ಇಂಗ್ಲಿಷಿನಲ್ಲಿ ಬೀದಿಯ ಪುಂಡನೂ 'ಥಗ್' ಎನಿಸುವನು.

ಈ ಎರಡು ಶಬ್ದಗಳಲ್ಲಿಯೂ ಒಂದು ದೋಷ ಸಮಾನವಾಗಿದೆ. ಕ್ರೌರ್ಯವು ಎಲ್ಲ ದೇಶಗಳಲ್ಲಿಯೂ ಇರುವ ಗುಣ. ಅದರ ಹೆಸರನ್ನು ಮಾತ್ರ ಪರದೇಶದವರ ಮೇಲೆ ಹೊರಿಸಿದ್ದಾಗಿದೆ. ಆದರೂ ಇಂಗ್ಲಿಷರನ್ನೇ ದೂರುವುದು ನ್ಯಾಯವಲ್ಲ. 1746ರಲ್ಲಿ ಕಲೋಡನ್ ಯುದ್ಧವಾದ ಮೇಲೆ ಸೋತವರನ್ನು ನಿರ್ದಯವಾಗಿ ದಮನಮಾಡಿದ ತಮ್ಮ ರಾಜಪುತ್ರ ಕಂಬರ್ಲೆಂಡನಿಗೂ ಅವರಲ್ಲಿ 'ಬುಚರ್' ಎಂಬ ಹೆಸರು ನಿಂತಿತು. ಅದಕ್ಕೆ ಸರಿಯಾಗಿ ನಾವೂ ಕ್ರೂರಿಯನ್ನು 'ಕಟುಕ'ನೆನ್ನುವೆವು. ಅಲ್ಲಿ ಒಂದು ಪಂಥಕ್ಕೆ ಆದ ಅನ್ಯಾಯ ಇಲ್ಲಿ ಒಂದು ಕಸುಬಿಗೆ ಆಗಿದೆ.

'ರೂತ್‌ಲೆಸ್' ಎಂಬ ಮಾತಿನದು ಬೇರೊಂದು ವೈಚಿತ್ರ್ಯ. 'ರೂತ್' ಎಂದರೆ ಕರುಣೆ. ಆ ಮಾತು ಇಂಗ್ಲಿಷಿನ ನಿತ್ಯವ್ಯವಹಾರದಿಂದ ಬಹುಮಟ್ಟಿಗೆ ಮರೆಯಾಗಿ, ಅದಿಲ್ಲದವನ ಹೆಸರು ಮಾತ್ರ ಉಳಿದಿದೆ. ಅದೂ ಈಗ ಪೂರ್ತಿ ನಿಂದೆಯಲ್ಲ. ವ್ಯಾಪಾರಿಯ ದಕ್ಷತೆಗೂ ಆಟಗಾರನ ಛಲಕ್ಕೂ ಅದು ಹೊಗಳಿಕೆಯಾಗಿ ಸಲ್ಲುತ್ತಿದೆ. ಸಂಸ್ಕೃತದ ದಾರಿ ಇದಕ್ಕೆ ವಿಪರೀತವಾದದ್ದು. ಅಲ್ಲಿ ಕ್ರೂರಿಗೆ 'ನೃಶಂಸ'ನೆಂದು ಹೆಸರು. ಆ ಶಬ್ದದಿಂದಲೇ ಕ್ರೌರ್ಯವಿಲ್ಲದಿರುವಿಕೆಗೆ 'ಆನೃಶಂಸ್ಯ'ವೆಂಬ ಮಾತು ಹುಟ್ಟಿತು. ಭಾರತದ ಯಕ್ಷಪ್ರಶ್ನೆಯಲ್ಲಿ ಯುಧಿಷ್ಠಿರನು ಪರಮಧರ್ಮವೆಂದು ಹೇಳುವುದು ಅದನ್ನೇ. ಇಂಗ್ಲಿಷಿನ ಈ ಹೊಸ ಹೊಗಳಿಕೆಯನ್ನು 'ನಿರ್ದಯ'ವೆಂದು ಕನ್ನಡಿಸಿ ಮೆಚ್ಚುಗೆಗೆ ಬಳಸುವವರು, ನಮ್ಮಲ್ಲಿ ದಯೆಯೆಂಬ ಮಾತು ಇನ್ನೂ ಜೀವಂತವಾಗಿದೆಯೆಂಬುದನ್ನು ನೆನೆಯಬೇಕು.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಕೊಲೆ, ಹತ್ಯೆ, ವಧೆ, ಸಂಹಾರ ಎಂಬವು ಪರ್ಯಾಯಶಬ್ದಗಳಂತೆ ತೋರಿದರೂ ಒಂದೇ ಅಲ್ಲ. ಬ್ರಹ್ಮಹತ್ಯೆ, ಶಿಶುಹತ್ಯೆ ಎಂಬಲ್ಲಿ ಪಾಪದ ಭಾರವಿದೆ. ಕಂಸವಧೆ, ಕೀಚಕವಧೆ ಎಂಬಲ್ಲಿ ದುಷ್ಟನಿಗೆ ತಕ್ಕುದಾಯಿತೆಂಬ ಸಮಾಧಾನವಿದೆ. ಸಂಸ್ಕೃತದಲ್ಲಿ 'ವಧ'ಕ್ಕೆ ವ್ಯಾಪ್ತಿ ಹೆಚ್ಚು. ಭಾರತದಲ್ಲಿ ಅಭಿಮನ್ಯುವಿನ ಮರಣದ ಉಪಪರ್ವಕ್ಕೂ ಅದೇ ಹೆಸರು. ಆದರೆ ಹರಿಕಥೆ, ಬಯಲಾಟಗಳಲ್ಲಿ ಪಳಗಿದ ಕನ್ನಡದ ಕಿವಿಗೆ 'ವಧೆ'ಯೆಂದೊಡನೆ ಕೊಂದವನ ಪಕ್ಷದಲ್ಲಿ ಧರ್ಮವಿದ್ದಂತೆ ಕೇಳಿಸುವುದು.

ಇದು ಬರಿಯ ವೈಯಾಕರಣರ ವಾದವಲ್ಲ. 1948ರ ಜನವರಿ 30ರಂದು ದೆಹಲಿಯಲ್ಲಿ, ಪ್ರಾರ್ಥನೆಗೆ ಹೊರಟಿದ್ದ ನಿರಾಯುಧರಾದ ವೃದ್ಧರೊಬ್ಬರ ಎದೆಗೆ ಗುಂಡು ಹಾರಿತು. ಇಂಗ್ಲಿಷಿನಲ್ಲಿ ಅದನ್ನು 'ಅಸ್ಯಾಸಿನೇಷನ್' ಎನ್ನುವರು. ಕನ್ನಡದಲ್ಲಿ ಅದು ಗಾಂಧಿಯವರ ಹತ್ಯೆ. ಅದನ್ನು 'ವಧೆ'ಯೆಂದು ಬರೆದವನು, ತಿಳಿದೋ ತಿಳಿಯದೆಯೋ, ಗಾಂಧಿಯವರನ್ನು ಕಂಸನ ಸ್ಥಾನದಲ್ಲಿ ನಿಲ್ಲಿಸಿದಂತಾಯಿತು. ಕೊಂದವನಿಗೆ ಕೃಷ್ಣನ ಪೀಠವನ್ನು ಕೊಟ್ಟಂತಾಯಿತು. ಒಂದು ಶಬ್ದದಿಂದ ಇಷ್ಟು ಅನರ್ಥ ಸಾಧ್ಯವಿರುವಾಗ ನಿಘಂಟನ್ನು ನೋಡುವ ಶ್ರಮ ದೊಡ್ಡದೇನಲ್ಲ.

ಆದಕಾರಣ ಭಾಷಾಂತರಕಾರನು ಇಂಗ್ಲಿಷ್ ಶಬ್ದಕ್ಕೆ ಸಮಾನವಾದ ಕನ್ನಡ ಶಬ್ದವೊಂದನ್ನು ಹುಡುಕುವುದಕ್ಕೆ ಮೊದಲು ಕೊಂದವನಾರು, ಸತ್ತವನಾರು, ಕೊಂದದ್ದೇಕೆ, ತೀರ್ಪು ಆಗಿದೆಯೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಉತ್ತರಗಳು ದೊರೆತಲ್ಲಿ ಶಬ್ದವು ತಾನಾಗಿ ಒದಗುವುದು. ದೊರೆಯದಿದ್ದಲ್ಲಿ 'ಕೊಂದವನು' ಎಂದಷ್ಟೇ ಬರೆದು ನಿಲ್ಲಿಸಬಹುದು. ಅದರಿಂದ ಯಾರಿಗೂ ಅನ್ಯಾಯವಾಗದು.