ಕಮಿಟ್ ಎಷ್ಟು ದೊಡ್ಡದಿರಬೇಕು?

ಯಾವ ಎಡಿಟರ್ ಮೇಲು, ಯಾವ ಭಾಷೆ ಚುರುಕು ಎಂಬ ವಾದಗಳಲ್ಲಿ ಗಂಟೆಗಟ್ಟಲೆ ಕಳೆಯುವ ತಂತ್ರಾಂಶ ರಚನಕಾರರು, ತಾವು ಬರೆದ ಕೋಡ್‌ನ ಚರಿತ್ರೆಯನ್ನು ಹೇಗೆ ಕಾಪಿಡಬೇಕೆಂಬ ಬಗ್ಗೆ ಚರ್ಚಿಸುವುದು ಕಡಿಮೆ. ಕಡತಗಳಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ಹಂತಹಂತವಾಗಿ ದಾಖಲಿಸುವ ಸಾಧನವನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. ಅದರಲ್ಲಿ ಸೇರುವ ಒಂದೊಂದು ದಾಖಲೆಯೂ ಒಂದು ಕಮಿಟ್. ಇಂದು ಬಹುತೇಕ ಎಲ್ಲರೂ ಬಳಸುವ ಗಿಟ್ ಹುಟ್ಟಿದ್ದು ಒಂದು ಇಕ್ಕಟ್ಟಿನಿಂದ. ಲಿನಕ್ಸ್ ಕರ್ನಲ್ ಬಳಗಕ್ಕೆ ದೊರೆಯುತ್ತಿದ್ದ, ಬಿಟ್‌ಕೀಪರ್ ಎಂಬ ಇಂಥದೇ ಇನ್ನೊಂದು ವ್ಯವಸ್ಥೆಯ ಉಚಿತ ಪರವಾನಗಿ 2005ರಲ್ಲಿ ಕೈತಪ್ಪಿದಾಗ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಗಿಟ್ಟನ್ನು ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲಿಯೇ ಇಡಲು ಸಾಧ್ಯವಾಯಿತು, ಜುಲೈ ವೇಳೆಗೆ ಅದರ ನಿರ್ವಹಣೆಯ ಹೊಣೆ ಜೂನಿಯೊ ಹಮಾನೊ ಅವರದಾಯಿತು.

ಗಿಟ್‌ನ ಆದೇಶಗಳಲ್ಲಿ ಬೈಸೆಕ್ಟ್ ಎಂಬುದಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ತಂತ್ರಾಂಶವು ಸರಿಯಾಗಿ ನಡೆಯುತ್ತಿದ್ದ ಹಳೆಯ ಕಮಿಟ್ ಒಂದನ್ನೂ ಕೆಟ್ಟಿರುವ ಇಂದಿನ ಕಮಿಟ್ ಒಂದನ್ನೂ ತೋರಿಸಿದರೆ, ಅದು ನಡುವಿನ ಕಮಿಟ್ಟನ್ನು ತೆರೆದಿಟ್ಟು ಪರೀಕ್ಷಿಸಲು ಹೇಳುತ್ತದೆ. ಉತ್ತರಕ್ಕೆ ತಕ್ಕಂತೆ ಅರ್ಧಭಾಗವನ್ನು ಕೈಬಿಟ್ಟು, ಉಳಿದರ್ಧದ ನಡುವಿಗೆ ಹೋಗುತ್ತದೆ. ಸಾವಿರ ಕಮಿಟ್‌ಗಳ ರಾಶಿಯಲ್ಲಿ ದೋಷ ಹೊಕ್ಕ ಜಾಗವು ಸುಮಾರು 10 ಪರೀಕ್ಷೆಗಳಲ್ಲಿ ಸಿಗುತ್ತದೆ. ಪರೀಕ್ಷೆಯನ್ನೇ ಒಂದು ಸ್ಕ್ರಿಪ್ಟ್ ಆಗಿ ಬರೆದುಕೊಟ್ಟರಂತೂ ಈ ಹುಡುಕಾಟ ಮನುಷ್ಯರ ಕಾವಲಿಲ್ಲದೆಯೇ ಮುಗಿಯುತ್ತದೆ.

ಆದರೆ ಈ ಜಾಣತನವೆಲ್ಲ ಬಳಸುವವರ ಶಿಸ್ತನ್ನು ನೆಚ್ಚಿಕೊಂಡಿದೆ. ವಾರವಿಡೀ ಮಾಡಿದ ಕೆಲಸವನ್ನು ಶುಕ್ರವಾರ ಸಂಜೆ ಒಂದೇ ಕಮಿಟ್‌ಗೆ ತುರುಕಿದರೆ, ಬೈಸೆಕ್ಟ್ ಬೆರಳು ತೋರಿಸುವುದು ಹತ್ತಾರು ಕಡತಗಳ ಗೋಜಲಿನತ್ತ, ಮತ್ತು ನಿಜವಾದ ಹುಡುಕಾಟ ಅಲ್ಲಿಂದ ಶುರುವಾಗುತ್ತದೆ. ನಡುವಿನ ಕಮಿಟ್‌ಗಳು ಕಂಪೈಲ್ ಆಗದಿದ್ದರೆ, ಎಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ಬಾರದಿದ್ದರೆ, ಪರೀಕ್ಷೆಯೇ ಸಾಧ್ಯವಿಲ್ಲ. ಆದ್ದರಿಂದ ಒಂದು ಕಮಿಟ್‌ನಲ್ಲಿ ಒಂದೇ ಉದ್ದೇಶದ ಬದಲಾವಣೆ ಇರಬೇಕು, ಅಲ್ಲಿಗೆ ನಿಂತರೂ ಕೋಡ್ ನಡೆಯುವಂತಿರಬೇಕು. ಇಂಡೆಂಟೇಶನ್ ತಿದ್ದುವ ಚಪಲವನ್ನೂ ದೋಷ ಸರಿಪಡಿಸುವ ಕೆಲಸವನ್ನೂ ಬೆರೆಸುವವರು (ಇಂಥವರು ಪ್ರತಿ ತಂಡದಲ್ಲೂ ಸಿಗುತ್ತಾರೆ) ಪರಿಶೀಲಕರ ತಾಳ್ಮೆಯನ್ನು ಪರೀಕ್ಷಿಸುತ್ತಾರೆ, ಅಷ್ಟೆ.

ಇನ್ನು ಕಮಿಟ್‌ನ ಜೊತೆಗಿಡುವ ಸಂದೇಶ. ಸುಮಾರು 50 ಅಕ್ಷರಗಳ ಶೀರ್ಷಿಕೆ, ಒಂದು ಖಾಲಿ ಸಾಲು, ಬಳಿಕ ವಿವರಣೆ ಎಂಬುದು ಗಿಟ್ ಬಳಕೆದಾರರಲ್ಲಿ ರೂಢಿಯಾಗಿರುವ ಕ್ರಮ. ಸರ್ವರ್‌ಗೆ ಮರುಸಂಪರ್ಕಿಸುವ ಮುನ್ನ ಮೂರು ಸೆಕೆಂಡು ಕಾಯುವ ಸಾಲೊಂದನ್ನು ಸೇರಿಸಿ, ಸಂದೇಶದಲ್ಲಿ ‘ಫಿಕ್ಸ್’ ಎಂದಷ್ಟೇ ಬರೆದರೆ, ಮುಂದೊಂದು ದಿನ ಆ ಸಾಲು ಅನಗತ್ಯವೆಂದು ತೋರಿ ಯಾರೋ ಅಳಿಸುತ್ತಾರೆ, ಹಳೆಯ ದೋಷ ಮರಳುತ್ತದೆ. ‘ಹಳೆಯ ಸಂಪರ್ಕವನ್ನು ಸರ್ವರ್ ಮುಚ್ಚುವ ಮೊದಲೇ ಹೊಸ ಕೋರಿಕೆ ಹೋದರೆ ಅದು ತಿರಸ್ಕೃತವಾಗುತ್ತದೆ’ ಎಂಬ ಒಂದು ವಾಕ್ಯವಿದ್ದಿದ್ದರೆ ಅಳಿಸುವ ಕೈ ತಡೆಯುತ್ತಿತ್ತು. ಏನು ಬದಲಾಯಿತೆಂಬುದನ್ನು ಗಿಟ್ ತಾನೇ ತೋರಿಸುತ್ತದೆ. ಏಕೆ ಎಂಬುದು ಬರೆದವರಿಗೆ ಮಾತ್ರ ಗೊತ್ತು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಬರೆದುಕೊಡುವ ನುಣುಪಾದ ಸಂದೇಶಗಳ ಕೊರತೆಯೂ ಇದೇ: ಕಾರಣವನ್ನು ಯಾರೂ ತಿಳಿಸದಿದ್ದರೆ ಅವು ಕೋಡ್‌ನಲ್ಲಿ ಕಾಣುವುದನ್ನೇ ಇನ್ನೊಮ್ಮೆ ಹೇಳುತ್ತವೆ. ಪರಿಶೀಲಕರು ಕೋಡ್‌ನಷ್ಟೇ ಗಮನವಿಟ್ಟು ಸಂದೇಶವನ್ನೂ ಓದಲಿ, ಕಾರಣ ಹೇಳದ ಕಮಿಟ್ಟನ್ನು ದಾಕ್ಷಿಣ್ಯವಿಲ್ಲದೆ ಹಿಂದಿರುಗಿಸಲಿ.