ನೂತವರ ಹೆಸರು

ಹೆಮ್ಮಿಗೆಯ ನೆಂಟರ ಮನೆಗೆ ಹೋದಾಗಲೆಲ್ಲ ಒಂದು ದಿನವನ್ನು ನನಗಾಗಿ ಎತ್ತಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಸೋಮನಾಥಪುರ, ಊಟ ಮುಗಿಸಿ ನಂಜನಗೂಡು ತಾಲ್ಲೂಕಿನ ಬದನವಾಳು. ಒಂದು ಕಡೆ ಕೆತ್ತನೆ, ಇನ್ನೊಂದು ಕಡೆ ನೇಯ್ಗೆ. ಎರಡನ್ನೂ ಒಂದೇ ದಿನ ನೋಡಬೇಕು.

ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಬಂದವರು ಮೂರು ಶಿಖರಗಳತ್ತ ತಲೆಯೆತ್ತಿ ನೋಡುತ್ತಾರೆ, ಆನೆ ಸಾಲಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಹೇಳುವುದು, ಜಗತಿಯ ಮೇಲೆ ಒಂದು ಸುತ್ತು ಬಂದು ಹೊರಗೋಡೆಯ ವಿಗ್ರಹಗಳ ಪೀಠವನ್ನು ನೋಡಿ. ದೇವರ ಪಾದದ ಕೆಳಗೆ ಹಳೆಯ ಕನ್ನಡ ಅಕ್ಷರಗಳಲ್ಲಿ ಕೆತ್ತಿದವನ ಹೆಸರಿದೆ: ಮಲ್ಲಿತಮ್ಮ. ಸುಮಾರು ನಲವತ್ತು ವಿಗ್ರಹಗಳು ಅವನವು. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ ಎಂಬ ಹೆಸರುಗಳೂ ಸಿಗುತ್ತವೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ ಬೈಚೋಜನೂ ಮಲ್ಲಿತಮ್ಮನೂ ಆಚೆ ಬದಿ ಈಚೆ ಬದಿ ಹಂಚಿಕೊಂಡು ಕೆತ್ತಿದ್ದಾರೆ. ಅಲ್ಲೂ ಹೆಸರಿದೆ.

ಕಲ್ಲು ಬಳಪದ್ದು. ನೆಲದಿಂದ ಆಗಷ್ಟೇ ತೆಗೆದಾಗ ಮೆತ್ತಗಿದ್ದು ಉಳಿಗೆ ಒಗ್ಗುತ್ತದೆ. ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಕೊರಳ ಹಾರದ ಮಣಿಮಣಿಯ ನಡುವೆ ನೆರಳು ಕೂರುವಷ್ಟು ಬಿಡಿಸಲು ಸಾಧ್ಯವಾದದ್ದು ಹೀಗೆ. ಹತ್ತಿರ ಹೋಗಿ ಒಂದು ವಿಗ್ರಹದ ಸೊಂಟದ ಕೆಳಗೆ ನೋಡಿ. ಉಟ್ಟ ಬಟ್ಟೆಯ ಅಂಚು ತೊಡೆಯ ಮೇಲೆ ಗೆರೆಯಾಗಿ ಹರಿದಿದೆ, ನಿರಿಗೆ ಕಾಲ ನಡುವೆ ಇಳಿದಿದೆ. ಬಟ್ಟೆಯನ್ನು ಬಲ್ಲವನಷ್ಟೇ ಕಲ್ಲಿನಲ್ಲಿ ಹಾಗೆ ಉಡಿಸಬಲ್ಲ. ಆ ಬಟ್ಟೆಯ ನೂಲು ತೆಗೆದವರ, ಅದನ್ನು ನೇಯ್ದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಇದು ನಮ್ಮಲ್ಲಷ್ಟೇ ಆದದ್ದಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ನೂಚಾನುಲ್ತ್ ಜನರಲ್ಲಿ ಸೀಡರ್ ಮರ ಕೆತ್ತುವುದೂ, ಅದರ ನಾರು ಮತ್ತು ಹುಲ್ಲಿನಿಂದ ಹೆಣೆಯುವುದೂ ದೊಡ್ಡ ವಿದ್ಯೆ. 1778ರಲ್ಲಿ ಕ್ಯಾಪ್ಟನ್ ಕುಕ್ ಅವರ ತೀರಕ್ಕೆ ಬಂದಾಗ, ತಿಮಿಂಗಿಲ ಬೇಟೆಯ ಚಿತ್ರ ನೇಯ್ದ ಟೋಪಿಗಳು ಹಡಗಿನಲ್ಲಿ ಯುರೋಪಿಗೆ ಹೋದವು. ಕುಕ್ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಟೋಪಿ ಹೆಣೆದ ಹೆಂಗಸರ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಬದನವಾಳಿನ ಖಾದಿ ಕೇಂದ್ರ 1920ರ ದಶಕದ್ದು. ತಗಡೂರು ರಾಮಚಂದ್ರರಾಯರು ಈ ಸೀಮೆಯ ಹಳ್ಳಿಹಳ್ಳಿಗೆ ಚರಕ ತಲುಪಿಸಿದ ಕಾಲ ಅದು. ಗಾಂಧೀಜಿ ಬಂದು ಹೋದ ಊರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಕೈ ಉತ್ಪನ್ನಗಳ ಪರವಾಗಿ ಸತ್ಯಾಗ್ರಹಕ್ಕೆ ಕೂತದ್ದೂ ಇಲ್ಲಿಯೇ. ಹೆಂಚಿನ ಕಟ್ಟಡದೊಳಗೆ ಹೆಣ್ಣುಮಕ್ಕಳು ನೂಲುತ್ತಾರೆ. ಸಾವಿರ ಮೀಟರ್ ನೂಲಿಗೆ ಒಂದು ಲಡಿ, ಕೂಲಿಯೂ ಲಡಿ ಲೆಕ್ಕದಲ್ಲೇ.

ಅಲ್ಲಿ ಕೊಂಡ ಟವೆಲೊಂದು ನನ್ನ ಬಳಿ ಇದೆ. ಕಿಟಕಿಯ ಬೆಳಕಿಗೆ ಹಿಡಿದರೆ ಹೊಕ್ಕಿನ ಎಳೆ ಒಂದೆಡೆ ದಪ್ಪ, ಎರಡು ಬೆರಳು ಆಚೆಗೆ ಸಣ್ಣ. ಒಂದು ಕಡೆ ಎಳೆ ಹರಿದು ಗಂಟು ಹಾಕಿದ್ದು ಬೆರಳಿಗೆ ತಾಗುತ್ತದೆ. ಗಿರಣಿಯ ಬಟ್ಟೆಗೆ ಒಗ್ಗಿದ ಕಣ್ಣು ಇದನ್ನು ಕೊರತೆ ಎನ್ನುತ್ತದೆ. ನನಗೆ ಇದು ಮಲ್ಲಿತಮ್ಮನ ಉಳಿಯ ಗುರುತಿನಷ್ಟೇ ದೊಡ್ಡದು. ಒಬ್ಬ ಹೆಂಗಸು ಒಂದು ಗಳಿಗೆ ಕೈ ತಡೆದು, ಎಳೆ ಕೂಡಿಸಿ, ಮತ್ತೆ ನೂತಿದ್ದಾಳೆ. ಇಂಥ ಬಟ್ಟೆ ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಬೆಲೆ ಕೇಳಿ ಹಿಂಜರಿಯುವವರು ಅದನ್ನು ಒಂದು ವರ್ಷ ಬಳಸಿ ನೋಡಲಿ.

ಲಡಿ ಲೆಕ್ಕದಲ್ಲಿ ಕೂಲಿ ಕೊಡಬೇಕಾದರೆ ಯಾರು ಎಷ್ಟು ನೂತರೆಂದು ಪುಸ್ತಕದಲ್ಲಿ ಬರೆಯಲೇಬೇಕು. ಹೆಸರು ಲೆಕ್ಕದ ಪುಸ್ತಕದಲ್ಲಿದೆ, ಬಟ್ಟೆಯ ಮೇಲಿಲ್ಲ. ಬೆಲೆಯ ಚೀಟಿಯಲ್ಲಿ ಇನ್ನೆರಡು ಸಾಲಿಗೆ ಜಾಗವಿದೆ: ನೂತವರು ಇಂಥವರು, ನೇಯ್ದವರು ಇಂಥವರು. ಹಲವರ ನೂಲು ಬೆರೆತಿದ್ದರೆ ಹಲವರ ಹೆಸರು ಬರಲಿ. ಸೋಮನಾಥಪುರದ ಗೋಡೆಯ ಮೇಲೂ ಒಬ್ಬನದೇ ಹೆಸರಿಲ್ಲವಲ್ಲ. ರಾಜ್ಯದ ಎಲ್ಲ ಖಾದಿ ಸಂಘಗಳಿಗೂ ನನ್ನ ಬೇಡಿಕೆ ಇದೊಂದೇ.

ನೀವು ಮುಂದಿನ ಸಲ ಖಾದಿ ಕೊಳ್ಳಲು ಹೋದಾಗ ಬೆಲೆ ಕೇಳುವ ಮೊದಲು, ಇದನ್ನು ನೂತವರು ಯಾರು ಎಂದು ಕೇಳಿ.